ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಸ್ಕ್ರೀನು ಹೇಗೆ ಓದಬೇಕು?

ರಾಜ್ಯದ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆಯ ಮೊದಲ ಪಹಣಿ ಕೇಂದ್ರ ಶುರುವಾದದ್ದು ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ. ಆ ಯೋಜನೆಯ ಕೌಂಟರುಗಳಲ್ಲಿ ನೌಕರರ ಮುಂದಿನ ಮಾನಿಟರಿನ ಜೊತೆಗೆ ರೈತರ ಕಡೆ ಮುಖಮಾಡಿದ ಇನ್ನೊಂದು ಮಾನಿಟರ್ ಇಟ್ಟರು. ತಲೆತಲಾಂತರದಿಂದ ದಫ್ತರದ ಒಳಗೆ ಏನು ಬರೆದಿದೆಯೆಂದು ನೋಡಲಾಗದಿದ್ದವರಿಗೆ ಅದು ದೊಡ್ಡ ಬದಲಾವಣೆ. ಬಣ್ಣ, ಚಿತ್ರಗಳಿಗಿಂತ ಮೊದಲು ಇಂಥ ನಿರ್ಧಾರವನ್ನೇ ಸಂಸ್ಕೃತಿಗೆ ತಕ್ಕ ವಿನ್ಯಾಸ ಎನ್ನಬೇಕು.

ಈ ಚರ್ಚೆಗೆ ಪರಿಭಾಷೆ ಸಿಕ್ಕಿದ್ದು ಡಚ್ ಸಮಾಜ ಮನೋವಿಜ್ಞಾನಿ ಗೀರ್ಟ್ ಹಾಫ್‌ಸ್ಟೆಡ್ ಅವರಿಂದ. ಐಬಿಎಂ ನೌಕರರ ಸಮೀಕ್ಷೆಗಳನ್ನು ಆಧರಿಸಿ, ದೇಶದೇಶಗಳ ಸಂಸ್ಕೃತಿಯನ್ನು ಹೋಲಿಸಲು ಅಧಿಕಾರದ ಅಂತರದಂಥ (ಮೇಲಿನವರ ಅಧಿಕಾರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬಂಥ) ಅಳತೆಗಳನ್ನು ಅವರು 1980ರಲ್ಲಿ ಮುಂದಿಟ್ಟರು. 2000ದಲ್ಲಿ ಸಂಶೋಧಕರಾದ ಏರನ್ ಮಾರ್ಕಸ್ ಮತ್ತು ಎಮಿಲಿ ಗೌಲ್ಡ್ ಅವನ್ನು ವೆಬ್‌ಸೈಟುಗಳಿಗೆ ಅನ್ವಯಿಸಿದರು. ಆದರೆ ಒಂದೇ ಕಂಪನಿಯ ನೌಕರರಿಂದ ತೆಗೆದ ದೇಶದ ಸರಾಸರಿ, ನಾಲೆ ಬಯಲಿನ ರೈತ ಫಾರಂ ತುಂಬುವಾಗ ಎಲ್ಲಿ ಎಡವುತ್ತಾನೆಂದು ಹೇಳಲಾರದು.

ಅವನು ಎಡವುವುದು ಗುಂಟೆಯಲ್ಲಿ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 2.20 ಎಂದರೆ ನಮ್ಮಲ್ಲಿ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಸ್ಕ್ರೀನು ಅದನ್ನು ದಶಮಾಂಶವೆಂದು ತಿಳಿದು ಕೊನೆಯ ಸೊನ್ನೆ ಬಿಟ್ಟು 2.2 ಎಂದು ತೋರಿಸಿದರೆ, ಓದುವವರಿಗೆ ಅದು ಎರಡು ಎಕರೆ ಎರಡು ಗುಂಟೆ. ಹದಿನೆಂಟು ಗುಂಟೆ ಮಾಯ! 1.30ಕ್ಕೆ 1.20 ಕೂಡಿಸಿದರೆ 3.10 ಬರಬೇಕು, ಬರುವುದು 2.50. ಎಕರೆ, ಗುಂಟೆ, ಆಣೆಗೆ ಬೇರೆ ಬೇರೆ ಚೌಕ ಕೊಡಿ. ಗುಂಟೆಗೆ 39, ಆಣೆಗೆ 15 ದಾಟದಂತೆ ಮಿತಿ ಹಾಕಿ. ಒಳಗೆ ಎಲ್ಲವನ್ನೂ ಆಣೆಯಲ್ಲೇ ಉಳಿಸಿ. ಎಕರೆಗೆ 640 ಆಣೆ.

ಹೆಸರಿನದೂ ಇದೇ ಪಾಡು. ಊರು ಮತ್ತು ತಂದೆಯ ಇನಿಷಿಯಲ್ ಮುಂದಿಟ್ಟುಕೊಳ್ಳುವವರಿಗೆ ‘ಸರ್‌ನೇಮ್ ಕಡ್ಡಾಯ’ ಎಂದರೆ ಅವರು ಚುಕ್ಕಿ ಹಾಕುತ್ತಾರೆ, ಇಲ್ಲವೇ ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಆಮೇಲೆ ಬ್ಯಾಂಕ್ ಪಾಸ್‌ಬುಕ್ಕಿಗೆ ತಾಳೆಯಾಗುವುದಿಲ್ಲ. ಪೂರ್ತಿ ಹೆಸರಿಗೆ ಒಂದೇ ಉದ್ದನೆಯ ಚೌಕ ಸಾಕು. ಲೋಕದ ಲಿಪಿಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, ಆದರೂ ಚೌಕಕ್ಕೆ ಅಕ್ಷರಗಳ ಮಿತಿ ಹಾಕುವಾಗ ಎಣಿಕೆಯ ತೊಡಕು ತಪ್ಪಿಲ್ಲ: ‘ಶ್ರೀಕಂಠಸ್ವಾಮಿ’ ಕಣ್ಣಿಗೆ ಐದಕ್ಷರ, ಗುಣಿತ, ಒತ್ತುಗಳನ್ನು ಬೇರೆಯಾಗಿ ಎಣಿಸುವ ಯೂನಿಕೋಡ್ ಲೆಕ್ಕದಲ್ಲಿ ಹದಿಮೂರು. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಒತ್ತಕ್ಷರದ ಬುಡವೂ ಕತ್ತರಿಸಿಹೋಗುತ್ತದೆ.

ಸ್ಕ್ರೀನನ್ನು ಬಳಸುವವರ ಕೈಗೆ ಕೊಟ್ಟು ನೋಡುವ ಪರೀಕ್ಷೆಯ ವಿಧಾನವೂ ಹೊರಗಿನದೇ. ಬಳಸುತ್ತಾ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿ ಎಂದು ಕೇಳಿದರೆ, ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂದು ‘ಚೆನ್ನಾಗೈತೆ ಸಾ’ ಎಂಬ ಉತ್ತರವೇ ಬರುತ್ತದೆ. ವಿನ್ಯಾಸ ತಜ್ಞೆ ಅಪಲಾ ಲಾಹಿರಿ ಚವಾಣ್ ಇದಕ್ಕೆ ಸಿನಿಮಾ ಕಥೆಯ ದಾರಿ ಹಿಡಿದರು: ಮದುವೆಗೆ ನಿಂತಿರುವ ಹುಡುಗಿಯನ್ನು ಕೇಡಿ ವರನಿಂದ ಉಳಿಸಲು ತುರ್ತಾಗಿ ಟಿಕೆಟ್ ಮಾಡಿಸಬೇಕು. ಕಥೆಯೊಳಗೆ ಇಳಿದವರು ಎಡವಿದಲ್ಲಿ ಸಂಕೋಚ ಬಿಟ್ಟು ಸ್ಕ್ರೀನನ್ನು ಬೈಯುತ್ತಾರೆ. ನಮ್ಮ ಹಳ್ಳಿಗಳಿಗೆ ಇನ್ನೂ ಸರಳವಾದ ದಾರಿಯುಂಟು. ವಿನ್ಯಾಸ ಮಾಡಿದವರು ಎದುರಿಗೆ ಕೂರಬಾರದು. ಪರಿಚಯದ ಇಬ್ಬರನ್ನು ಒಂದೇ ಫೋನಿನ ಮುಂದೆ ಕೂರಿಸಿ, ಸರ್ವೆ ನಂಬರು ಕೊಟ್ಟು ಪಹಣಿ ತೆಗೆಯಲು ಹೇಳಿ. ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುವಾಗ ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ. ಕೊನೆಗೆ ವಿಸ್ತೀರ್ಣವನ್ನು ಗಟ್ಟಿಯಾಗಿ ಓದಿಸಿ, ಅವರು ಹೇಳಿದ ಗುಂಟೆಯೂ ಡೇಟಾಬೇಸಿನ ಗುಂಟೆಯೂ ಒಂದೇನಾ ನೋಡಿ.