ಆಸ್ಪತ್ರೆ ಮುಟ್ಟುವ ಮೊದಲೇ ಮಗು ಬಂದರೆ?

ಓದುಗರ ಪ್ರಶ್ನೆ: ನಾನು ಸುರತ್ಕಲ್ ಹತ್ತಿರದವಳು. ಈಗ ಏಳು ತಿಂಗಳು. ಮೊದಲ ಹೆರಿಗೆ ನೋವು ಶುರುವಾಗಿ ಎರಡೂವರೆ ಗಂಟೆಯಲ್ಲಿ ಮುಗಿದಿತ್ತು. ಎರಡನೆಯದು ಇನ್ನೂ ಬೇಗ ಆಗುತ್ತದಂತೆ, ಹೌದಾ? ಗಂಡ ದುಬೈಯಲ್ಲಿದ್ದಾರೆ. ಮನೆಯಲ್ಲಿ ಅತ್ತೆ ಮತ್ತು ಮೂರು ವರ್ಷದ ಮಗ ಮಾತ್ರ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮಗು ಬಂದುಬಿಟ್ಟರೆ ಎಂತ ಮಾಡುವುದು?

ಉತ್ತರ: ಹೌದು, ಬೇಗ ಆಗುವ ಸಾಧ್ಯತೆ ಜಾಸ್ತಿ. ಅದಕ್ಕೆ ಈಗಲೇ ಕೇಳಿದ್ದು ಒಳ್ಳೆಯದಾಯ್ತು. ನಾನು ಡಾಕ್ಟರಲ್ಲ. ಆದರೆ ನನ್ನ ಎರಡನೇ ಮಗು ಆಸ್ಪತ್ರೆಗೆ ಕಾಯಲಿಲ್ಲ. ಆಮೇಲೆ ಡಾಕ್ಟರು, ನರ್ಸಮ್ಮಂದಿರ ಹತ್ತಿರ ಕೇಳಿ ಕೇಳಿ ತಿಳಿದುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನೋವು ಸರಿಯಾಗಿ ಶುರುವಾಗಿ 3 ಗಂಟೆಯೊಳಗೆ ಮಗು ಹುಟ್ಟಿದರೆ ಅದಕ್ಕೆ ಪ್ರೆಸಿಪಿಟೇಟ್ ಲೇಬರ್ ಅನ್ನುತ್ತಾರೆ. ಸಾಮಾನ್ಯವಾಗಿ ಮೊದಲ ಹೆರಿಗೆಗೆ 12 ಗಂಟೆಯೋ ಅದಕ್ಕಿಂತ ಜಾಸ್ತಿಯೋ ಹಿಡಿಯುತ್ತದೆ, ಎರಡನೆಯದಕ್ಕೆ ಹೆಚ್ಚುಕಡಿಮೆ ಅದರ ಅರ್ಧ. ಒಮ್ಮೆ ಹಿಗ್ಗಿದ ದಾರಿ ಮುಂದಿನ ಸಲ ಬೇಗ ಬಿಟ್ಟುಕೊಡುತ್ತದೆ. ಕೆಲವರ ಗರ್ಭಕೋಶ ತುಂಬಾ ಜೋರಾಗಿ, ಬಿಡುವೇ ಕೊಡದೆ ಹಿಂಡುತ್ತದೆ. ಮಗು ಸಣ್ಣದಿದ್ದರೂ ಬೇಗ ಇಳಿಯುತ್ತದೆ. ಮೊದಲು ಒಮ್ಮೆ ಹೀಗೆ ಆಗಿದ್ದರೆ ಮತ್ತೆ ಆಗಬಹುದು ಅಂತಲೇ ತಯಾರಿರಬೇಕು.

ನನ್ನ ಮೊದಲ ಹೆರಿಗೆಗೆ 11 ಗಂಟೆ ಹಿಡಿದಿತ್ತು. ಹಾಗಾಗಿ ಎರಡನೆಯದಕ್ಕೆ ಯಾರೂ ಹೆದರಲಿಲ್ಲ. ಶಿರ್ವದ ಹತ್ತಿರ ತವರು ಮನೆ, ಆಟಿ ತಿಂಗಳು, ಹೊರಗೆ ಬಿಡದೆ ಮಳೆ. ಬೆಳಗಿನ ಜಾವ 3.40ಕ್ಕೆ ಸೊಂಟ ಹಿಡಿದಂತಾಗಿ ಎಚ್ಚರವಾಯಿತು. ಆಸ್ಪತ್ರೆಗೆ ಫೋನ್ ಮಾಡಿದೆವು. "ಐದೈದು ನಿಮಿಷಕ್ಕೆ ಬರಲು ಶುರುವಾದ ಮೇಲೆ ಹೊರಡಿ, ಇನ್ನೂ ಟೈಮ್ ಉಂಟು" ಅಂದರು. ನಾನು ಗಡಿಯಾರ ನೋಡುತ್ತಾ ಕೂತೆ. ಬಂದು ಹೋಗುವ ನೋವಾದರೆ ಲೆಕ್ಕ ಹಾಕಬಹುದು. ನನ್ನದು ಬಂದದ್ದು ಹೋಗಲೇ ಇಲ್ಲ. ಒಂದು ಇಳಿಯುವ ಮೊದಲೇ ಇನ್ನೊಂದು ಹತ್ತುತ್ತಿತ್ತು.

4.15ರ ಹೊತ್ತಿಗೆ ಅಣ್ಣ ಕಾರು ಹೊರಗೆ ತೆಗೆದ. ನಾನು ಕಕ್ಕಸಿಗೆ ಹೋಗಬೇಕು ಅಂದೆ. ಅಮ್ಮ ಬಾಗಿಲಲ್ಲೇ ನನ್ನ ಕೈ ಹಿಡಿದು ನಿಲ್ಲಿಸಿದರು.

"ನಿಜವಾಗಿ ಕಕ್ಕಸಿಗಾ ಮಗಾ, ಇಲ್ಲ ಮಗುವಾ?"

"ಅಮ್ಮಾ, ಬರ್ತಾ ಉಂಟು. ನಂಗೆ ಕಾರು ಹತ್ಲಿಕ್ಕೆ ಆಗುದಿಲ್ಲ."

"ಹಾಗಾದ್ರೆ ಬೇಡ. ಇಲ್ಲೇ ಮಲಗು."

ಅವತ್ತು ಅಮ್ಮ ನನ್ನ ಮಾತು ನಂಬಿದರು. ಅದೊಂದೇ ನಮ್ಮನ್ನು ಕಾಪಾಡಿತು. ಕಾರು ಹತ್ತಿದ್ದರೆ ಕಟಪಾಡಿಗೆ ಮುಟ್ಟುವ ಮೊದಲೇ, ಕತ್ತಲೆಯ ರಸ್ತೆ ಬದಿಯಲ್ಲಿ ಆಗಿಬಿಡುತ್ತಿತ್ತು. 4.35ಕ್ಕೆ ಚಾವಡಿಯ ಚಾಪೆಯ ಮೇಲೆ, ಟಾರ್ಚ್ ಬೆಳಕಿನಲ್ಲಿ ಮಗಳು ಹುಟ್ಟಿದಳು.

ಅದಕ್ಕೇ ಮೊದಲು ನಿಮ್ಮ ಅತ್ತೆಗೆ ಇದನ್ನು ಹೇಳಿಡಿ: ಹೆರುವವಳು "ಈಗ ಬರ್ತಾ ಉಂಟು" ಅಂದರೆ ಅದನ್ನು ನಂಬಬೇಕು. ತಡೆಯಲಾಗದೆ ಮುಕ್ಕುವಂತಾಗುವುದು (ಕೆಳಕ್ಕೆ ಒತ್ತಬೇಕು ಅನಿಸುವುದು), ಕಕ್ಕಸಿಗೆ ಬಂದಂತೆ ಅನಿಸುವುದು, ಕೆಳಗೆ ಉರಿದಂತೆ ಬಿಗಿಯುವುದು, ತಲೆ ಕಾಣುವುದು, ಇಷ್ಟಾದರೆ ದಾರಿಗೆ ಇಳಿಯಬೇಡಿ. ನೋವು ಶುರುವಾದ ಕೂಡಲೇ ಹೊರಡುವುದು ಸರಿ. ಮಗು ಬಾಗಿಲಿಗೆ ಬಂದ ಮೇಲೆ ಹೊರಡುವುದು ಅಪಾಯ. ಟಾಯ್ಲೆಟ್ಟಿನ ಮೇಲೆ ಕೂರಲೇಬೇಡಿ. ಮಗು ಒಮ್ಮೆಲೇ ಜಾರಿ ಬಿದ್ದೀತು.

ಆಗ ಮೊದಲು 108ಕ್ಕೆ ಫೋನ್. ಅದು ಬಿಟ್ಟಿ ಸೇವೆ, ಆಂಬುಲೆನ್ಸಿನಲ್ಲಿ ಹೆರಿಗೆ ಮಾಡಿಸಲು ಕಲಿತವರು ಇರುತ್ತಾರೆ. ಫೋನನ್ನು ಸ್ಪೀಕರಿನಲ್ಲಿಡಿ. ಮನೆಯ ಎದುರು ಬಾಗಿಲು ತೆರೆದು ಲೈಟ್ ಹಾಕಿ. ನೆಲದ ಮೇಲೆ ಚಾಪೆ, ಅದರ ಮೇಲೆ ಒಗೆದ ಬಟ್ಟೆ. ನೀವು ಎಡ ಮಗ್ಗುಲಾಗಿ ಮಲಗಿ. ಹತ್ತಿರ ಇರುವವರು ಸೋಪು ಹಾಕಿ ಕೈ ತೊಳೆದುಕೊಳ್ಳಲಿ.

ತಲೆ ಹೊರಬರುವಾಗ ಮುಕ್ಕಬೇಡಿ. ಬಿಸಿ ಗಂಜಿ ಬಾಯಿಗೆ ಹಾಕಿಕೊಂಡಾಗ ಹಾ ಹಾ ಅಂತ ಉಸಿರು ಬಿಡುತ್ತೇವಲ್ಲ, ಹಾಗೆ ಬಿಡಿ. ತಲೆ ನಿಧಾನವಾಗಿ ಬಂದಷ್ಟೂ ನಿಮಗೆ ಹರಿಯುವುದು ಕಡಿಮೆ. ಹತ್ತಿರ ಇರುವವರು ತಲೆಗೆ ಅಂಗೈ ಕೊಟ್ಟರೆ ಸಾಕು, ಎಳೆಯಬಾರದು. ಕುತ್ತಿಗೆಗೆ ಹೊಕ್ಕುಳ ಬಳ್ಳಿ ಸಡಿಲವಾಗಿ ಸುತ್ತಿದ್ದರೆ ಮೆಲ್ಲಗೆ ತಲೆಯ ಮೇಲಿಂದ ದಾಟಿಸಬೇಕು. ಮಗು ತುಂಬಾ ಜಾರುತ್ತದೆ. ನನ್ನ ಅತ್ತಿಗೆ ಬೈರಾಸಿನಲ್ಲೇ (ಟವೆಲಿನಲ್ಲೇ) ಹಿಡಿದದ್ದು, ಬರಿಗೈಯಲ್ಲಿ ಆಗುತ್ತಿರಲಿಲ್ಲ.

ಹುಟ್ಟಿದ ಕೂಡಲೇ ಮಗುವನ್ನು ಒಣ ಬೈರಾಸಿನಲ್ಲಿ ಚೆನ್ನಾಗಿ ಒರೆಸಬೇಕು. ನನ್ನ ಮಗಳು ಮೊದಲು ಅಳಲಿಲ್ಲ. ಬಾಯಿ ಮೂಗು ಒರೆಸಿ, ಬೆನ್ನನ್ನು ಬೈರಾಸಿನಿಂದ ಉಜ್ಜಿದರು. ಅರ್ಧ ನಿಮಿಷ ಆಗಿರಬಹುದು. ಮಾಡಿನ ಮೇಲೆ ಬೀಳುವ ಮಳೆಯ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಅತ್ತಳು. ತಲೆಕೆಳಗು ಹಿಡಿಯುವುದು, ಬೆನ್ನಿಗೆ ಹೊಡೆಯುವುದು ಬೇಡ. ಅತ್ತ ಮೇಲೆ ಸೀದಾ ಅಮ್ಮನ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವ ಹಾಗೆ ಮಲಗಿಸಿ. ತಲೆ ಮುಚ್ಚಿ, ಇಬ್ಬರಿಗೂ ಒಂದು ಹೊದಿಕೆ. ಹೊಸ ಮಗು ಬೇಗ ತಣ್ಣಗಾಗುತ್ತದೆ, ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಹಂಡೆಯಲ್ಲಿ ನೀರು ಬಿಸಿ ಇದ್ದರೂ ಆಗಲೇ ಸ್ನಾನ ಬೇಡ. ಒಂದು ದಿನವಾದರೂ ಕಳೆಯಲಿ.

ಬಳ್ಳಿ ಕತ್ತರಿಸಬೇಡಿ. ನಮ್ಮ ಮನೆಯಲ್ಲಿ ಒಬ್ಬರು ಬ್ಲೇಡು ಹುಡುಕಲು ಹೋಗಿದ್ದರು, ಅಮ್ಮ ತಡೆದರು. ಮಗು ಎದೆಯ ಮೇಲೆ ಇದ್ದರೆ ಬಳ್ಳಿಗೆ ಅವಸರ ಇಲ್ಲ, ಆಂಬುಲೆನ್ಸಿನವರು ಶುದ್ಧವಾದ ಕ್ಲಿಪ್ ಹಾಕಿ ಕತ್ತರಿಸುತ್ತಾರೆ. ಕಸ, ಅಂದರೆ ಮಗುವಿನ ಹಿಂದೆ ಬರುವ ಮಾಸು, ಬರಲೆಂದು ಬಳ್ಳಿ ಎಳೆಯುವುದೂ ತಪ್ಪು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದಾಗಿಯೇ ಬರುತ್ತದೆ. ಬಂದರೆ ಎಸೆಯದೆ ಪಾತ್ರೆಯಲ್ಲಿಟ್ಟು ಆಸ್ಪತ್ರೆಗೆ ಒಯ್ಯಿರಿ. ಪೂರ್ತಿ ಬಂದಿದೆಯಾ ಅಂತ ಅವರು ನೋಡಬೇಕು.

ಇಲ್ಲಿಂದ ಮುಂದೆ ಭಯ ತಾಯಿಯದ್ದು. ಮಗು ಅತ್ತಿತು ಅಂತ ಎಲ್ಲರೂ ಅದರ ಸುತ್ತ ಸೇರುತ್ತಾರೆ, ತಾಯಿಯ ಕೆಳಗಿನ ಬಟ್ಟೆ ಯಾರೂ ನೋಡುವುದಿಲ್ಲ. ಅಷ್ಟು ಜೋರಾಗಿ ಕೆಲಸ ಮಾಡಿದ ಗರ್ಭಕೋಶ ಕೆಲವೊಮ್ಮೆ ಸೋತು ಸಡಿಲವಾಗುತ್ತದೆ, ರಕ್ತ ನಿಲ್ಲುವುದಿಲ್ಲ. ಒಳಗೆ ಹರಿದಿದ್ದರೂ ಹಾಗೆಯೇ. ಮಗುವಿಗೆ ಹಾಲು ಕುಡಿಸಿದರೆ ಗರ್ಭಕೋಶ ಬಿಗಿಯುತ್ತದೆ. ಕಸ ಬಂದ ಮೇಲೆ ಹೊಕ್ಕುಳದ ಹತ್ತಿರ ಮುಟ್ಟಿ ನೋಡಿ, ಗಟ್ಟಿ ಚೆಂಡಿನ ಹಾಗೆ ಸಿಗಬೇಕು. ಮೆತ್ತಗಿದ್ದರೆ ಗಟ್ಟಿಯಾಗುವ ತನಕ ಕೈಯಿಂದ ತಿಕ್ಕಬೇಕು. ರಕ್ತ ಧಾರೆಯಾಗಿ ಹೋದರೆ, ಕಣ್ಣು ಕತ್ತಲೆ ಬಂದರೆ, ಮೈ ತಣ್ಣಗೆ ಬೆವರಿದರೆ ಒಂದು ಕ್ಷಣವೂ ಕಾಯಬೇಡಿ. ಎಲ್ಲ ಸರಿ ಇದೆ ಅನಿಸಿದರೂ ತಾಯಿ ಮಗು ಇಬ್ಬರೂ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು. ನನಗೆ ನಾಲ್ಕು ಹೊಲಿಗೆ ಬಿತ್ತು. ಮಗುವಿಗೂ ವಿಟಮಿನ್ ಕೆ ಚುಚ್ಚುಮದ್ದು, 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಆಗಬೇಕು.

ಒಂದು ಎಚ್ಚರ. ತಲೆಯ ಬದಲು ಕಾಲು, ಕೈ ಅಥವಾ ಬಳ್ಳಿ ಮೊದಲು ಕಂಡರೆ, ಹೆರಿಗೆಗೆ ಮೊದಲೇ ಕೆಂಪು ರಕ್ತ ಹೋದರೆ ಮನೆಯಲ್ಲಿ ಸಂಭಾಳಿಸುವ ಮಾತೇ ಇಲ್ಲ. ಬಳ್ಳಿ ಜಾರಿದ್ದರೆ ಮೊಣಕಾಲೂರಿ, ಎದೆ ನೆಲಕ್ಕೆ ತಾಗಿಸಿ, ಸೊಂಟ ಮೇಲಿರುವ ಹಾಗೆ ಬಗ್ಗಿಕೊಂಡಿರಿ. ಮುಕ್ಕಬೇಡಿ.

ನಿಮಗೆ ಇನ್ನೂ ಎರಡು ತಿಂಗಳು ಉಂಟು. ಮುಂದಿನ ತಪಾಸಣೆಗೆ ಹೋದಾಗ ಮೊದಲ ಹೆರಿಗೆ ಎರಡೂವರೆ ಗಂಟೆಯಲ್ಲಿ ಆಯ್ತು ಅಂತ ಬಾಯಲ್ಲಿ ಹೇಳಿ, ತಾಯಿ ಕಾರ್ಡಿನಲ್ಲೂ ಬರೆಸಿ. ಮಂಗಳೂರಿನ ಲೇಡಿಗೋಷನ್ನೇ ಇರಲಿ, ಬೇರೆ ಆಸ್ಪತ್ರೆಯೇ ಇರಲಿ, ದಿನ ಹತ್ತಿರವಾದಾಗ ಮೊದಲೇ ಬಂದು ಅಡ್ಮಿಟ್ ಆಗಬಹುದಾ ಅಂತ ಕೇಳಿ. ಆಗದಿದ್ದರೆ ಕೊನೆಯ ಎರಡು ವಾರ ಆಸ್ಪತ್ರೆಯ ಹತ್ತಿರದ ನೆಂಟರ ಮನೆಯಲ್ಲಿರಿ. ರಾತ್ರಿ ಕರೆದರೆ ಬರುವ ರಿಕ್ಷಾದವರು ಇಬ್ಬರಾದರೂ ಇರಲಿ. ಮಗನನ್ನು ಯಾರ ಮನೆಗೆ ಬಿಡುವುದು ಅಂತ ಈಗಲೇ ಮಾತಾಡಿಡಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ನಂಬರು ಅತ್ತೆಯ ಫೋನಿನಲ್ಲೂ ಇರಲಿ. ಬಾಗಿಲ ಹತ್ತಿರದ ಚೀಲದಲ್ಲಿ ನಾಲ್ಕು ಒಣ ಬೈರಾಸು, ಟಾರ್ಚ್ ಮರೆಯಬೇಡಿ.

ಇನ್ನೊಂದು ವಿಷಯ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನೋಡಲು ಬಂದವರೆಲ್ಲ "ಪುಣ್ಯವಂತೆ, ಎಷ್ಟು ಸುಲಭದಲ್ಲಿ ಆಯ್ತು" ಅಂದರು. ನಾನು ಹೂಂ ಅಂದೆ. ಆದರೆ ಹೆರಿಗೆಯಾದ ಮೇಲೆ ಕಾಲು ಗಂಟೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು, ತೊಡೆ ನಡುಗುವುದು ನಿಲ್ಲಲಿಲ್ಲ. ಆ ನಡುಕ ಎಷ್ಟೋ ಜನರಿಗೆ ಬರುತ್ತದೆ, ತಾನಾಗಿ ಹೋಗುತ್ತದೆ. ಮನಸ್ಸಿನ ನಡುಕ ಹೋಗಲು ತಿಂಗಳುಗಳೇ ಹಿಡಿದವು. ಮಗಳು ಹಾಲು ಕುಡಿಯುವಾಗಲೂ ಆ ಅರ್ಧ ನಿಮಿಷ ಕಣ್ಣೆದುರು ಬರುತ್ತಿತ್ತು. ಬೇಗ ಆದದ್ದೆಲ್ಲ ಸುಲಭ ಆಗಿರುವುದಿಲ್ಲ. ಮೈ ತಯಾರಾಗುವ ಮೊದಲೇ ಎಲ್ಲ ಮುಗಿದಿರುತ್ತದೆ. ನನಗೆ ಸಮಾಧಾನ ಸಿಕ್ಕಿದ್ದು ಬಾಣಂತನದ ಹೊತ್ತಲ್ಲಿ. ಎಣ್ಣೆ ತಿಕ್ಕುತ್ತಾ ಅಮ್ಮ ಆ ರಾತ್ರಿಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದರು, ನಾನು ಬಿಟ್ಟುಹೋದದ್ದನ್ನು ಕೇಳುತ್ತಿದ್ದೆ. ನಿದ್ದೆ ಬಾರದಿದ್ದರೆ, ಸುಮ್ನೆ ಅಳು ಬಂದರೆ ಡಾಕ್ಟರಿಗೂ ಹೇಳಿ.

ಮನೆಯಲ್ಲಿ ಹುಟ್ಟಿದರೆ ಜನನ ನೋಂದಣಿಗೆ ನೀವೇ ತಿಳಿಸಬೇಕು, 21 ದಿನದೊಳಗೆ. ನಮ್ಮದರಲ್ಲಿ ಅಣ್ಣ ಹೋಗಿ ಮಾಡಿಸಿದ. ಹುಟ್ಟಿದ ಹೊತ್ತು ಕೇಳಿದಾಗ ಎಲ್ಲರೂ ಒಂದೊಂದು ಹೇಳಿದ್ದರು. 4.35 ಅಂತ ಸರಿಯಾಗಿ ಗೊತ್ತಿದ್ದದ್ದು ಟಾರ್ಚ್ ಹಿಡಿದಿದ್ದ ಅಪ್ಪನಿಗೆ ಮಾತ್ರ.