ಒಂದು ಉಪಗ್ರಹಕ್ಕೆ ಆರು ಚಾನೆಲ್

ಎಸ್‌ಓ-50 ಅನ್ನುವ ಪುಟ್ಟ ಸೌದಿ ಉಪಗ್ರಹ 2002ರ ಡಿಸೆಂಬರ್‌ನಲ್ಲಿ ಮೇಲೆ ಹೋಯಿತು. ಅದರೊಳಗೆ ಹವ್ಯಾಸಿ ರೇಡಿಯೋದವರಿಗೆ ಅಂತಲೇ ಇಟ್ಟ ರಿಪೀಟರ್ ಇದೆ. ನಾವು 145.850 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ ಅದು ಆ ಮಾತನ್ನು 436.795ರಲ್ಲಿ ಕೆಳಗೆ ಕಳಿಸುತ್ತದೆ. ಇದಕ್ಕೆ ದೊಡ್ಡ ಗೋಪುರ ಬೇಡ. ಪರವಾನಗಿ, ಕಾಲ್‌ಸೈನ್ (ರೇಡಿಯೋದಲ್ಲಿ ಗುರುತಿಗೆ ಕೊಟ್ಟ ಹೆಸರು) ಇರುವ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರು ಒಬ್ಬರು ಐದು ವ್ಯಾಟ್‌ನ ರೇಡಿಯೋ ಸೆಟ್ಟು, ಕೈಯಲ್ಲಿ ಹಿಡಿಯುವ ಯಾಗಿ ಆಂಟೆನಾ ಇಟ್ಟುಕೊಂಡು ಚಿಕ್ಕಬಳ್ಳಾಪುರದ ಯಾವುದಾದರೂ ತಾರಸಿ ಹತ್ತಿದರೆ ಸಾಕು. ನಂದಿ ಬೆಟ್ಟಕ್ಕೇ ಹೋಗುತ್ತೇನೆ ಅನ್ನುವವರು ಭಾನುವಾರ ಬಿಟ್ಟು ಬೇರೆ ದಿನ ಹೋಗಿ. ಕಷ್ಟ ಇರುವುದು ಸಮಯದ್ದು. ಒಂದು ಕಡೆ ಏರಿದ ಉಪಗ್ರಹ ಹನ್ನೆರಡು–ಹದಿಮೂರು ನಿಮಿಷದೊಳಗೆ ಇನ್ನೊಂದು ಕಡೆ ಇಳಿದಿರುತ್ತದೆ.

ಅದರ ಮೇಲೆ ಡಾಪ್ಲರ್ ಪರಿಣಾಮ ಬೇರೆ. ಹೆದ್ದಾರಿ 44ರ ಪಕ್ಕ ನಿಂತಾಗ ಬಸ್ಸಿನ ಹಾರ್ನ್ ಹತ್ತಿರ ಬರುವಾಗ ಕೀಚಲಾಗಿ, ದಾಟಿದ ಮೇಲೆ ದಪ್ಪವಾಗಿ ಕೇಳುತ್ತದಲ್ವಾ, ಅದೇ. ಉಪಗ್ರಹ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ಓಡುತ್ತದೆ. ಅದರಿಂದ ಕೆಳಗೆ ಬರುವ ಸಿಗ್ನಲ್ ಸುಮಾರು 10 ಕಿಲೋಹರ್ಟ್ಸ್ ಮೇಲಿನಿಂದ 10 ಕಿಲೋಹರ್ಟ್ಸ್ ಕೆಳಗಿನವರೆಗೆ ಜಾರುತ್ತದೆ. ಹಾಗಾಗಿ ಒಂದೇ ಉಪಗ್ರಹಕ್ಕೆ ಐದು ಮೆಮೊರಿ ಚಾನೆಲ್, ಅಂದರೆ ಸೆಟ್ಟಿನಲ್ಲಿ ಮೊದಲೇ ತುಂಬಿಟ್ಟ ಫ್ರೀಕ್ವೆನ್ಸಿಗಳು ಬೇಕು. ಕೇಳಲು 436.805, 436.800, 436.795, 436.790, 436.785. ಐದರಲ್ಲೂ ಮಾತಾಡಲು 145.850, ಜೊತೆಗೆ 67.0 ಹರ್ಟ್ಸ್‌ನ ಟೋನ್. ಮಾತಿನ ಅಡಿಯಲ್ಲಿ ಸಣ್ಣಗೆ ಸಾಗುವ ಈ ಟೋನ್ ಇಲ್ಲದಿದ್ದರೆ ರಿಪೀಟರ್ ಬಾಯಿ ಬಿಡುವುದಿಲ್ಲ. ಆರನೆಯ ಚಾನೆಲ್‌ನಲ್ಲಿ 74.4 ಹರ್ಟ್ಸ್ ಟೋನ್ ಇಟ್ಟುಕೊಳ್ಳುತ್ತಾರೆ. ಎರಡು ಸೆಕೆಂಡ್ ಅದನ್ನು ಕಳಿಸಿದರೆ ಉಪಗ್ರಹದ ಹತ್ತು ನಿಮಿಷದ ಟೈಮರ್ ಚಾಲೂ ಆಗುತ್ತದೆ, ಅಷ್ಟು ಹೊತ್ತು ರಿಪೀಟರ್ ಆನ್ ಇರುತ್ತದೆ.

ಇಷ್ಟನ್ನೂ ಹಳೆಯ ಸೆಟ್ಟಿಗೆ ಕೈಯಲ್ಲೇ ತುಂಬಿ ನೋಡಿ, ಗೊತ್ತಾಗುತ್ತದೆ. 2000ರ ಆಸುಪಾಸಿನಲ್ಲಿ ಬಂದ ಯಾಎಸು ಎಫ್‌ಟಿ-817 ಇವತ್ತಿಗೂ ಹಲವರ ಕೈಯಲ್ಲಿದೆ. ಮುಖದ ಎತ್ತರ 38 ಮಿಲಿಮೀಟರ್, ಬೆರಳ ತುದಿಯಷ್ಟು ಬಟನ್‌ಗಳು, 57 ಮೆನು. ಕೇಳುವುದು ಒಂದು ಬ್ಯಾಂಡ್, ಮಾತಾಡುವುದು ಇನ್ನೊಂದು ಬ್ಯಾಂಡ್ ಆದರಂತೂ ಪ್ರತಿ ಚಾನೆಲ್‌ಗೂ ಎರಡೆರಡು ಸಲ ಸರ್ಕಸ್. ಕಂಪ್ಯೂಟರ್‌ನಲ್ಲಿ ಇದು ಆರು ಸಾಲಿನ ಟೇಬಲ್ ಅಷ್ಟೇ.

ಆದರೆ ಕಂಪ್ಯೂಟರ್‌ಗೂ ಸೆಟ್ಟಿಗೂ ಸುಮ್ನೆ ತಂತಿ ಎಳೆದರೆ ಆಗುವುದಿಲ್ಲ. ಹಳೆಯ ಕಂಪ್ಯೂಟರ್‌ಗಳ ಸೀರಿಯಲ್ ಪೋರ್ಟ್ ‘1’ ಅನ್ನು ಮೈನಸ್ ವೋಲ್ಟೇಜ್‌ನಲ್ಲಿ, ‘0’ ಅನ್ನು ಪ್ಲಸ್ ವೋಲ್ಟೇಜ್‌ನಲ್ಲಿ ಕಳಿಸುತ್ತದೆ. 3ರಿಂದ 15 ವೋಲ್ಟ್‌ವರೆಗೆ ಎಷ್ಟು ಬೇಕಾದರೂ ಇರಬಹುದು. ಸೆಟ್ಟಿನೊಳಗಿನ ಚಿಪ್‌ಗೆ ‘1’ ಅಂದರೆ 5 ವೋಲ್ಟ್, ‘0’ ಅಂದರೆ ಸೊನ್ನೆ. ಎಲ್ಲಾ ತಲೆಕೆಳಗು, ಮೇಲಾಗಿ ವೋಲ್ಟೇಜ್ ಜಾಸ್ತಿ. ನಡುವೆ ಇದನ್ನು ಸರಿಪಡಿಸುವ ಸಣ್ಣ ಸರ್ಕ್ಯೂಟ್ ಬೇಕೇ ಬೇಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟೇ ಇಲ್ಲ, ಹಾಗಾಗಿ ಯುಎಸ್‌ಬಿ ಕೇಬಲ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯುಎಸ್‌ಬಿ–ಸೀರಿಯಲ್ ಕೇಬಲ್ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಒಳಗಿನ ಚಿಪ್ ಯಾವುದು ಅಂತ ಕೇಳಿಯೇ ತೆಗೆದುಕೊಳ್ಳಿ. ಪ್ರಾಲಿಫಿಕ್ ಅನ್ನುವ ಕಂಪನಿಯ ಚಿಪ್‌ನ ನಕಲುಗಳು ಮಾರುಕಟ್ಟೆಯಲ್ಲಿ ತುಂಬಾ ಇವೆ. ವಿಂಡೋಸ್‌ನ ಹೊಸ ಡ್ರೈವರ್ ಅವನ್ನು ಗುರುತಿಸಿ ಕೆಲಸ ಮಾಡಲು ಒಪ್ಪುವುದಿಲ್ಲ. ‘ಕೋಡ್ 10’ ಅಂತ ಎರರ್ ಬಂದರೆ ಸೆಟ್ಟನ್ನು ಬೈಯಬೇಡಿ, ಮೊದಲು ಕೇಬಲ್ ಮೇಲೆ ಅನುಮಾನ ಪಡಿ.

ಕೇಬಲ್ ಸರಿಯಾದ ಮೇಲೆ ಕಂಪ್ಯೂಟರ್ ಎರಡು ರೀತಿಯಲ್ಲಿ ಕೆಲಸ ಮಾಡಿಸಬಹುದು. ಒಂದು, ನಿಂತಲ್ಲೇ ಆಜ್ಞೆ ಕೊಡುವುದು. 43 67 95 00 01 ಅಂತ ಐದು ಬೈಟ್ ಕಳಿಸಿದರೆ ಸೆಟ್ಟು ಆ ಕ್ಷಣವೇ 436.795ಕ್ಕೆ ಹೋಗುತ್ತದೆ. ಮೊದಲ ನಾಲ್ಕು ಬೈಟ್‌ನಲ್ಲಿ ಫ್ರೀಕ್ವೆನ್ಸಿ ಬರೆದ ಹಾಗೇ ಕೂತಿದೆ ನೋಡಿ, ಕೊನೆಯ 01 ಅಂದರೆ ‘ಫ್ರೀಕ್ವೆನ್ಸಿ ಬದಲಿಸು’. ಚೆನ್ನಾಗಿದೆ, ಆದರೆ ತಾರಸಿಯಲ್ಲಿ ಒಂದು ಕೈಗೆ ಆಂಟೆನಾ, ಇನ್ನೊಂದಕ್ಕೆ ಮೈಕು. ಲ್ಯಾಪ್‌ಟಾಪ್‌ಗೆ ಮೂರನೇ ಕೈ ಎಲ್ಲಿಂದ ತರುವುದು?

ಅದಕ್ಕೇ ಎರಡನೆಯ ದಾರಿ, ಕ್ಲೋನ್, ಅಂದರೆ ಸೆಟ್ಟಿನ ಮೆಮೊರಿಯನ್ನು ಇಡಿಯಾಗಿ ನಕಲು ಮಾಡುವುದು. ಡ್ಯಾನ್ ಸ್ಮಿತ್ ಎಂಬ ಹ್ಯಾಮ್ ಶುರು ಮಾಡಿದ ‘ಚಿರ್ಪ್’ ಅನ್ನುವ ಉಚಿತ, ಓಪನ್ ಸೋರ್ಸ್ ತಂತ್ರಾಂಶ ಬೇರೆ ಬೇರೆ ಕಂಪನಿಗಳ ಸೆಟ್‌ಗಳಿಗೆ ಇದನ್ನು ಮಾಡುತ್ತದೆ. ಸೆಟ್ ಆಫ್ ಮಾಡಿ, ಎರಡೂ ಮೋಡ್ ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಪರದೆ ಮೇಲೆ ‘ಕ್ಲೋನ್’ ಬರುತ್ತದೆ. ‘ಎ’ ಒತ್ತಿದರೆ ಸೆಟ್ಟು ತನ್ನ ಮೆಮೊರಿ ಪೂರ್ತಿ ಕಂಪ್ಯೂಟರ್‌ಗೆ ಕಳಿಸುತ್ತದೆ, ‘ಸಿ’ ಒತ್ತಿದರೆ ಕಂಪ್ಯೂಟರ್‌ನಿಂದ ತೆಗೆದುಕೊಳ್ಳುತ್ತದೆ. ಪೂರ್ತಿ ಅಂದರೆ ಎಷ್ಟು? ಸುಮಾರು ಆರೂವರೆ ಸಾವಿರ ಬೈಟ್. ವಾಟ್ಸಾಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಸೆಕೆಂಡಿಗೆ 9600 ಬಿಟ್ ವೇಗ, ಪ್ರತಿ ಬೈಟ್‌ಗೂ ಆರಂಭ–ಅಂತ್ಯದ ಗುರುತು ಸೇರಿ 10 ಬಿಟ್. ಲೆಕ್ಕಕ್ಕೆ ಏಳು ಸೆಕೆಂಡ್ ಸಾಕು. ಆದರೆ ನಿಜಕ್ಕೂ ಜಾಸ್ತಿ ಹೊತ್ತು ಹಿಡಿಯುತ್ತದೆ, ಯಾಕೆಂದರೆ ಸೆಟ್ಟು ತುಂಡು ತುಂಡಾಗಿ ಕಳಿಸುತ್ತದೆ. ಪ್ರತಿ ತುಂಡಿನ ಕೊನೆಗೆ ಅದರ ಬೈಟ್‌ಗಳನ್ನು ಕೂಡಿದ ಮೊತ್ತ ಇರುತ್ತದೆ. ಕಂಪ್ಯೂಟರ್ ತಾನೂ ಕೂಡಿ ನೋಡಿ, ತಾಳೆಯಾದರೆ 06 ಅನ್ನುವ ಒಂದೇ ಬೈಟ್ ವಾಪಸ್ ಕಳಿಸುತ್ತದೆ. ಅದು ಬಂದ ಮೇಲೇ ಮುಂದಿನ ತುಂಡು.

ಹೀಗೆ ಬಂದ ಮೊದಲ ಪ್ರತಿಯನ್ನು ಮುಟ್ಟದೆ ಬೇರೆ ಹೆಸರಿನಲ್ಲಿ ಸೇವ್ ಮಾಡಿ ಇಡಿ. ಚಾನೆಲ್ ಸೇರಿಸುವುದೆಲ್ಲ ಎರಡನೆಯ ಪ್ರತಿಯಲ್ಲಿ ನಡೆಯಲಿ. ವಾಪಸ್ ತುಂಬುವಾಗ ಮೆಮೊರಿ ಪೂರ್ತಿ ಬದಲಾಗುತ್ತದೆ, ನೀವು ಬರೆದ ಆರು ಸಾಲು ಮಾತ್ರ ಅಲ್ಲ. ಗೆಳೆಯರ ಸೆಟ್ಟಿನ ಫೈಲನ್ನು ಹಾಗೇ ತುಂಬುವ ಆಸೆಯೂ ಬೇಡ. 817 ಮತ್ತು 817ಎನ್‌ಡಿ ನೋಡಲು ಒಂದೇ ಥರ ಇದ್ದರೂ ಒಳಗೆ ಯಾವ ಬೈಟ್ ಎಲ್ಲಿ ಕೂರಬೇಕು ಅನ್ನುವುದು ಬೇರೆ. ಚಿರ್ಪ್‌ನಲ್ಲಿ ಮಾಡೆಲ್ ಆರಿಸುವ ಮುಂಚೆ ಸೆಟ್ಟಿನ ಮೇಲೆ ಬರೆದಿರುವ ಮಾಡೆಲ್ ಹೆಸರು ಒಮ್ಮೆ ಓದಿಕೊಳ್ಳಿ.