ಹುಟ್ಟಿದ ಊರು, ವಾಸದ ಊರು: 15 ಮತ್ತು 16ನೇ ವಿಧಿಯ ಟಿಪ್ಪಣಿ

ಧಾರವಾಡದ ಸಪ್ತಾಪುರದ ನಮ್ಮ ರೂಮಿನಲ್ಲಿ ನಾವು ಮೂವರು. ಒಬ್ಬ ಕೊಪ್ಪಳದವ, ಒಬ್ಬ ಗದಗ ಜಿಲ್ಲೆಯ ಮುಂಡರಗಿಯವ, ನಾನು ಹಾವೇರಿಯವ. ಮೊನ್ನೆ ಮಾಕ್ ಟೆಸ್ಟಿನಲ್ಲಿ ಮೂವರೂ ಒಂದೇ ಪ್ರಶ್ನೆ ತಪ್ಪು ಮಾಡಿದೆವು. ಹೊರ ರಾಜ್ಯದವನು ಎಂಬ ಕಾರಣಕ್ಕೆ ಸರ್ಕಾರ ಪ್ರಜೆಯೊಬ್ಬನಿಗೆ ಬೇರೆ ನಿಯಮ ಮಾಡಬಹುದಾ? ನಾವು ಸಂವಿಧಾನದ 15ನೇ ವಿಧಿ ನೆನಪಿಟ್ಟುಕೊಂಡು 'ಇಲ್ಲವೇ ಇಲ್ಲ' ಎಂದು ಬರೆದಿದ್ದೆವು.

15(1) ನಿಧಾನಕ್ಕೆ ಓದಿ. ಸರ್ಕಾರ ಯಾವ ಕಾರಣಗಳಿಗೆ ಪ್ರಜೆಗಳಲ್ಲಿ ಭೇದ ಮಾಡಬಾರದು ಎಂಬ ಪಟ್ಟಿ ಅದು. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ. ಇವಿಷ್ಟೇ. ವಾಸಸ್ಥಳದ ಮಾತೇ ಇಲ್ಲ. 1955ರ ಡಿ.ಪಿ. ಜೋಶಿ ಪ್ರಕರಣ ನಿಂತಿದ್ದು ಇದರ ಮೇಲೆಯೇ. ಇಂದೋರಿನ ಮೆಡಿಕಲ್ ಕಾಲೇಜಿನಲ್ಲಿ ಆಗಿನ ಮಧ್ಯಭಾರತ ರಾಜ್ಯದ ನಿವಾಸಿಗಳಿಗೆ ಕ್ಯಾಪಿಟೇಶನ್ ಶುಲ್ಕ ಇರಲಿಲ್ಲ, ಹೊರಗಿನವರಿಗೆ ಇತ್ತು. ಹುಟ್ಟಿದ ಜಾಗ ಬೇರೆ, ವಾಸ ಬೇರೆ ಎಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಹಾಗಂತ ವಾಸದ ಹೆಸರಲ್ಲಿ ಏನು ಬೇಕಾದರೂ ಮಾಡಬಹುದು ಅಂತಲ್ಲ. 14ನೇ ವಿಧಿಯ ಸಮಾನತೆ ಇದ್ದೇ ಇದೆ. ಅದರ ಆಧಾರದ ಮೇಲೆಯೇ 2025ರ ತನ್ವಿ ಬೆಹ್ಲ್ ತೀರ್ಪು ಸ್ನಾತಕೋತ್ತರ ಮೆಡಿಕಲ್ ಸೀಟುಗಳಲ್ಲಿ ವಾಸ ಆಧಾರಿತ ಮೀಸಲಾತಿ ನಡೆಯುವುದಿಲ್ಲ ಎಂದಿತು.

ಅಮೆರಿಕದ ಸಂವಿಧಾನದಲ್ಲಿ ಇದಕ್ಕೆ ನೇರವಾದ ಮಾತಿದೆ. 4ನೇ ಅನುಚ್ಛೇದದ ಪ್ರಕಾರ ಒಂದು ರಾಜ್ಯದ ಪ್ರಜೆಗೆ ಬೇರೆ ರಾಜ್ಯದಲ್ಲೂ ಅಲ್ಲಿನವರ ಮೂಲ ಹಕ್ಕುಗಳೇ ಸಿಗಬೇಕು. ಸಿಗಡಿ ಹಿಡಿಯುವ ದೋಣಿಯ ಲೈಸೆನ್ಸಿಗೆ ಸೌತ್ ಕ್ಯಾರೊಲಿನಾ ತನ್ನವರಿಂದ 25 ಡಾಲರ್, ಹೊರಗಿನವರಿಂದ 2,500 ಡಾಲರ್ ಕೇಳುತ್ತಿತ್ತು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಈಗ ನಮ್ಮಂಥವರಿಗೆ ಜಾಸ್ತಿ ಬೇಕಾದ 16ನೇ ವಿಧಿ. ಸರ್ಕಾರಿ ನೌಕರಿ. 16(2)ರ ಪಟ್ಟಿಯಲ್ಲಿ ಹುಟ್ಟಿದ ಸ್ಥಳದ ಜೊತೆ ವಾಸಸ್ಥಳವೂ ಇದೆ. ವಾಸದ ಷರತ್ತು ಹಾಕಲೇಬೇಕಾದರೆ 16(3)ರ ಪ್ರಕಾರ ಸಂಸತ್ತೇ ಕಾನೂನು ಮಾಡಬೇಕು. ವಿಧಾನಸಭೆಗೆ ಆ ಅಧಿಕಾರ ಇಲ್ಲ. 1957ರಲ್ಲಿ ಸಂಸತ್ತು ಕಾನೂನು ಮಾಡಿ ತೆಲಂಗಾಣ ಭಾಗದ ಕೆಲವು ಹುದ್ದೆಗಳಿಗೆ ಅಲ್ಲಿನ ವಾಸ ಕಡ್ಡಾಯ ಮಾಡಲು ದಾರಿ ತೆರೆಯಿತು. 1969ರಲ್ಲಿ ನರಸಿಂಹರಾವ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಷರತ್ತು ಇಡೀ ರಾಜ್ಯದ ವಾಸಕ್ಕೆ ಇರಬಹುದು, ರಾಜ್ಯದ ಒಂದು ತುಂಡಿಗೆ ಅಲ್ಲ ಎಂದಿತು.

ಈ ತೀರ್ಪು ಗೊತ್ತಿದ್ದರೆ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗೆ ದಾರಿ ಮಾಡಿದ 371ಜೆ ವಿಧಿ ಸಲೀಸಾಗಿ ಅರ್ಥವಾಗುತ್ತದೆ. ಕಲ್ಯಾಣ ಕರ್ನಾಟಕವೂ ರಾಜ್ಯದ ಒಂದು ತುಂಡು ತಾನೇ? ಬರೀ ಕಾನೂನು ಸಾಲುತ್ತಿರಲಿಲ್ಲ. ಅದಕ್ಕೇ 2012ರಲ್ಲಿ 98ನೇ ತಿದ್ದುಪಡಿ ಬಂತು. ಮುಂಡರಗಿಯ ಗೆಳೆಯನಿಗೆ ಇದು ಇಂದಿಗೂ ನೋವು. ಅವನ ತಾಲ್ಲೂಕಿಗೆ ತಾಗಿಕೊಂಡೇ ಕೊಪ್ಪಳ ಜಿಲ್ಲೆ ಇದೆ. ಮಳೆ ಅದೇ, ಬರ ಅದೇ, ಮೀಸಲಾತಿ ಮಾತ್ರ ಗಡಿಯಲ್ಲಿ ನಿಲ್ಲುತ್ತದೆ. ಅವನ ನೋವು ನ್ಯಾಯವಾದದ್ದೇ. ಆದರೆ ಹೈದರಾಬಾದ್ ನಿಜಾಮರ ಕಾಲದಿಂದ ಹಿಂದೆ ಬಿದ್ದ ಆ ಜಿಲ್ಲೆಗಳಿಗೆ ಇದು ಬೇಕಿತ್ತು ಎಂದೇ ನನ್ನ ಅನಿಸಿಕೆ.

371ಜೆ ಓದುವಾಗ ಒಂದು ಮಾತಿಗೆ ಗೆರೆ ಎಳೆಯಿರಿ. ಮೀಸಲಾತಿ ಸಿಗುವುದು 'ಹುಟ್ಟಿನಿಂದ ಅಥವಾ ವಾಸದಿಂದ' ಆ ಪ್ರದೇಶಕ್ಕೆ ಸೇರಿದವರಿಗೆ. ಜೋಶಿ ತೀರ್ಪು ಬೇರೆಬೇರೆ ಎಂದಿದ್ದ ಎರಡೂ ಮಾತು ಇಲ್ಲಿ ಜೊತೆಗೇ ಬಂದಿವೆ. ಕೊಪ್ಪಳದಲ್ಲೇ ಹುಟ್ಟಿದ ನಮ್ಮ ಗೆಳೆಯ ಧಾರವಾಡದಲ್ಲಿ ಎಷ್ಟು ವರ್ಷ ಓದಿದರೂ ಅವನ ಹಕ್ಕು ಹೋಗದಿರುವುದು ಅದಕ್ಕೇ.